ಅವನನ್ನೇ ಕೇಳಿ, ಸ್ವಲ್ಪ ಕಾಯಿರಿ

ಸ್ಪೀಚ್ ಥೆರಪಿಸ್ಟ್ ಆದ ನನಗೆ ತುಂಬಾ ಬೇಸರ ತರಿಸುವ ಪ್ರಶ್ನೆ ಒಂದಿದೆ. ಡೌನ್ ಸಿಂಡ್ರೋಮ್ ಇರುವ ಹುಡುಗ ಎದುರಿಗೇ ಕೂತಿರುತ್ತಾನೆ. ಬಂದವರು ಅವನ ತಾಯಿಯ ಕಡೆ ತಿರುಗಿ ಕೇಳುತ್ತಾರೆ: "ಇವನ ಹೆಸರೇನು?"

ಡೌನ್ ಸಿಂಡ್ರೋಮ್ ಇರುವವರ ಜೀವಕೋಶಗಳಲ್ಲಿ ಹುಟ್ಟಿನಿಂದಲೇ 21ನೇ ಕ್ರೋಮೋಸೋಮ್ (ವರ್ಣತಂತು) ಎರಡರ ಬದಲು ಮೂರು ಇರುತ್ತದೆ, ಅದಕ್ಕೇ ಮೂರನೇ ತಿಂಗಳ 21ನೇ ತಾರೀಖು ವಿಶ್ವ ಡೌನ್ ಸಿಂಡ್ರೋಮ್ ದಿನ. ವಿಶ್ವಸಂಸ್ಥೆ 2012ರಿಂದ ಅದನ್ನು ಆಚರಿಸುತ್ತಿದೆ. ಇಷ್ಟು ಗೊತ್ತಿರುವವರೂ ನನ್ನ ಎದುರಿಗೇ ಇದೇ ಪ್ರಶ್ನೆ ಕೇಳಿದ್ದಾರೆ.

ಉತ್ತರ ತಡವಾಯಿತು ಅಂದರೆ ಪ್ರಶ್ನೆ ಅರ್ಥವಾಗಲಿಲ್ಲ ಅಂತಲ್ಲ. ಇವರಲ್ಲಿ ಹೆಚ್ಚಿನವರಿಗೆ ಆಡಲು ಬರುವುದಕ್ಕಿಂತ ಅರ್ಥವಾಗುವುದು ಜಾಸ್ತಿ. ತುಟಿ, ನಾಲಿಗೆಯ ಸ್ನಾಯುಗಳು ಸಡಿಲ. ಪದವನ್ನು ಹೊರಗೆ ತರುವುದೇ ಒಂದು ಶ್ರಮ. ಕಿವಿಯಿಂದ ಗಂಟಲಿಗೆ ಹೋಗುವ ನಾಳ ಕಿರಿದು. ಹಾಗಾಗಿ ಎಷ್ಟೋ ಮಕ್ಕಳಿಗೆ ಕಿವಿಯೊಳಗೆ ಪದೇ ಪದೇ ದ್ರವ ತುಂಬಿ, ಮಾತು ಮಂಕಾಗಿ ಕೇಳುತ್ತದೆ. (ಹಟಮಾರಿ ಅನ್ನುವ ಮೊದಲು ದಯವಿಟ್ಟು ಕಿವಿ ಪರೀಕ್ಷೆ ಮಾಡಿಸಿ.) ಕಣ್ಣಿಗೆ ಕಂಡದ್ದು ನೆನಪಿನಲ್ಲಿ ನಿಲ್ಲುವಷ್ಟು ಕಿವಿಗೆ ಬಿದ್ದದ್ದು ನಿಲ್ಲುವುದಿಲ್ಲ. ಇಷ್ಟೆಲ್ಲ ದಾಟಿ ಉತ್ತರ ಬರಬೇಕು, ಅಲ್ವಾ? ನಾವೋ ಎರಡು ಸೆಕೆಂಡ್ ಕಾಯುವುದಿಲ್ಲ. ಅದೇ ಪ್ರಶ್ನೆಯನ್ನು ಬೇರೆ ಮಾತಿನಲ್ಲಿ ಕೇಳುತ್ತೇವೆ. ಪಾಪ, ಅವನು ಮತ್ತೆ ಮೊದಲಿನಿಂದ ಶುರು ಮಾಡಬೇಕು.

ನಾನು ಮನಸ್ಸಿನಲ್ಲೇ ಹತ್ತರವರೆಗೆ ಎಣಿಸುತ್ತೇನೆ. ಎಲ್ಲರಿಗೂ ಅಷ್ಟೇ ಸಾಕು ಎಂದು ಹೇಳಲಾರೆ. ಕೆಲವರಿಗೆ ಚಿತ್ರ ತೋರಿಸಬೇಕು, ಕೆಲವರಿಗೆ ಕೈಸನ್ನೆ ಬೇಕು. ಸನ್ನೆ ಕಲಿಸಿದರೆ ಮಾತು ಬರುವುದಿಲ್ಲ ಎಂಬ ಭಯ ಬೇಡ.

ಮೊನ್ನೆ 26 ವರ್ಷದ ಯುವಕನೊಬ್ಬ ತಾಯಿಯ ಜೊತೆ ಬಂದಿದ್ದ. ಹೊರಗೆ ಕೂತಿದ್ದ ಹಿರಿಯರೊಬ್ಬರು ಪ್ರೀತಿಯಿಂದಲೇ, "ಪುಟ್ಟ ಏನು ಮಾಡ್ತಾನಮ್ಮಾ?" ಅಂದರು. ತಾಯಿ ಉತ್ತರ ಕೊಡಲಿಲ್ಲ. ಸುಮ್ನೆ ಮಗನ ಮುಖ ನೋಡಿದರು. ಹಿರಿಯರೂ ಆ ಕಡೆ ನೋಡಿದರು. ಅವನ ತುಟಿ ಎರಡು ಸಲ ಅಲುಗಿತು. ಆಮೇಲೆ ಮಾತು ಬಂತು: "ಲೈಬ್ರರಿ... ಕೆಲಸ. ಪುಸ್ತಕ ಜೋಡಿಸ್ತೀನಿ."

ಹಿರಿಯರು ಎದ್ದು ಬಂದು ಅವನ ಪಕ್ಕದಲ್ಲೇ ಕೂತರು. "ಬೆಳಗ್ಗೆ ಎಷ್ಟು ಗಂಟೆಗೆ ಹೋಗ್ತೀರಿ?" ಎಂದು ಕೇಳಿ, ಕಾದರು.