ಹೋರ್ಡಿಂಗ್ ತೆಗೆದರೆ ಊರು ಚೆಂದ ಕಾಣುತ್ತಾ?

ಪ್ರಶ್ನೆ: ಇಡೀ ಕಟ್ಟಡವನ್ನೇ ಮುಚ್ಚುವ ದೊಡ್ಡ ಜಾಹೀರಾತುಗಳನ್ನು ತೆಗೆದರೆ ನಗರ ನಿಜಕ್ಕೂ ಚೆಂದ ಕಾಣುತ್ತಾ? ಎಲ್ಲಾದರೂ ಹೀಗೆ ಮಾಡಿ ನೋಡಿದ್ದಾರಾ?

ಮಾಡಿ ನೋಡಿದ್ದಾರೆ. ಬ್ರೆಜಿಲ್‌ನ ಸಾವೊ ಪಾಲೊ ಕೋಟಿಗೂ ಮೀರಿ ಜನರಿರುವ ಊರು. ಮೇಯರ್ ಗಿಲ್ಬರ್ಟೊ ಕಸ್ಸಾಬ್ ಕಾಲದಲ್ಲಿ, 2006ರಲ್ಲಿ, ಅಲ್ಲಿ ‘ಸ್ವಚ್ಛ ನಗರ’ ಕಾನೂನು ಬಂತು. 2007ರ ಜನವರಿ 1ರಿಂದ ಜಾರಿಯಾಯಿತು. ಹೋರ್ಡಿಂಗ್‌ಗಳು, ಗೋಡೆ ತುಂಬ ಹರಡಿದ ಬ್ಯಾನರ್‌ಗಳು, ಬಸ್ಸಿನ ಮೈಮೇಲಿನ ಜಾಹೀರಾತುಗಳು ಎಲ್ಲ ಬಂದ್. ಅಂಗಡಿ ಬೋರ್ಡಿಗೂ ಅಳತೆ ಬಂತು. ಅಂಗಡಿ ಮುಂಭಾಗ 10 ಮೀಟರಿಗಿಂತ ಕಡಿಮೆ ಅಗಲವಿದ್ದರೆ ಬೋರ್ಡು ಒಂದೂವರೆ ಚದರ ಮೀಟರ್ ದಾಟುವಂತಿಲ್ಲ.

ಆಮೇಲೆ ಊರು ತಕ್ಷಣ ಚೆಂದವಾಯಿತಾ? ಇಲ್ಲ. ಹಳೆಯ ಕಟ್ಟಡಗಳ ಒಳ್ಳೆಯ ಕೆತ್ತನೆ ಕಂಡಿತು, ನಿಜ. ಅದರ ಜೊತೆಗೇ ಬಿರುಕು ಬಿಟ್ಟ ಗೋಡೆಗಳೂ ಕಂಡವು, ಬೋರ್ಡುಗಳ ಹಿಂದೆ ಮರೆಯಾಗಿದ್ದ ಬಡವರ ಕೇರಿಗಳೂ ಕಂಡವು. ನನಗೆ ಮುಖ್ಯ ಅನಿಸುವುದು ಇದೇ. ಊರು ಇರುವ ಹಾಗೆ ಕಂಡರೆ ತಾನೇ ರಿಪೇರಿ ಮಾಡಬೇಕು ಅನ್ನಿಸುವುದು? ಎಷ್ಟೋ ಅಂಗಡಿಯವರು ಗೋಡೆಗೆ ಗಾಢ ಬಣ್ಣ ಬಳಿದರು. ಖಾಲಿ ಗೋಡೆಗಳ ಮೇಲೆ ಭಿತ್ತಿಚಿತ್ರಗಳು ಬಂದವು.

ಅಲ್ಲಿ ಕಾನೂನು ನಿಂತದ್ದು ಅದು ಸರಳವಾಗಿದ್ದರಿಂದ ಅಂತ ನನ್ನ ಅನಿಸಿಕೆ. ಅನುಮತಿ ಇದೆಯಾ ಇಲ್ಲವಾ ಅಂತ ಕಡತ ಹುಡುಕಬೇಕಿಲ್ಲ. ಹೋರ್ಡಿಂಗ್ ಇದ್ದರೆ ತಪ್ಪು, ಅಷ್ಟೇ. ನಮ್ಮಲ್ಲಿ ಹಾಗಿಲ್ಲ. ಊರಿನ ಅಂದ ಕೆಡಿಸುವುದನ್ನು ತಡೆಯಲು ಕರ್ನಾಟಕದಲ್ಲಿ 1981ರಿಂದಲೇ ಕಾಯ್ದೆ ಇದೆ. ಆದರೂ 2018ರ ಆಗಸ್ಟ್‌ನಲ್ಲಿ ಹೈಕೋರ್ಟ್ ತರಾಟೆಗೆ ತೆಗೆದುಕೊಂಡ ಮೇಲೆಯೇ ಬೆಂಗಳೂರು ಪಾಲಿಕೆ ಸಾವಿರಾರು ಫ್ಲೆಕ್ಸ್ ಕಿತ್ತದ್ದು. ಸ್ವಲ್ಪ ದಿನ ಬೀದಿಗಳು ಬಿಚ್ಚಿಕೊಂಡಂತೆ ಕಂಡವು. ಆಮೇಲೆ ಹಬ್ಬ, ಹುಟ್ಟುಹಬ್ಬದ ನೆಪದಲ್ಲಿ ಮತ್ತೆ ಫ್ಲೆಕ್ಸ್ ಬಂದವು.

ಇದು ಬರೀ ಅಂದದ ಮಾತಲ್ಲ. 2024ರ ಮೇ 13ರಂದು ಮುಂಬೈನ ಘಾಟ್‌ಕೋಪರ್‌ನಲ್ಲಿ ಹೋರ್ಡಿಂಗ್ ಬಿದ್ದು 17 ಜನ ಸತ್ತರು. ಅಲ್ಲಿನ ಪಾಲಿಕೆ ಒಪ್ಪುವ ಗರಿಷ್ಠ ಅಳತೆ 40 ಅಡಿಗೆ 40 ಅಡಿ. ಬಿದ್ದದ್ದು ಅದಕ್ಕಿಂತ ಎಷ್ಟೋ ಪಟ್ಟು ದೊಡ್ಡದು.

ಪಾಲಿಕೆಗೆ ಆದಾಯ ಬೇಡವಾ ಅಂತ ಕೇಳುವವರಿದ್ದಾರೆ. ಬೇಕು. ಸಾವೊ ಪಾಲೊ ಕೂಡ ಕೆಲವು ವರ್ಷಗಳ ನಂತರ ಬಸ್ ನಿಲ್ದಾಣಗಳಲ್ಲಿ, ಬೀದಿ ಗಡಿಯಾರಗಳಲ್ಲಿ ಜಾಹೀರಾತಿಗೆ ಜಾಗ ಕೊಟ್ಟಿತು. ಆದರೆ ಅವುಗಳ ನಿರ್ವಹಣೆಯನ್ನು ಕಂಪನಿಗಳಿಗೇ ವಹಿಸಿತು. ಬೆಂಗಳೂರಲ್ಲೂ ಅಷ್ಟಕ್ಕೇ ನಿಲ್ಲಿಸಬಹುದು. ಜನ ಕೆಲಸ ಮಾಡುವ, ವಾಸಿಸುವ ಕಟ್ಟಡದ ಕಿಟಕಿಯ ಮೇಲಂತೂ ಒಂದು ಬ್ಯಾನರೂ ಬೇಡ.