ಚಿಪ್ ಇಲ್ಲದ ಬಿಲ್ಲೆಯ ಲೋಕಸಂಚಾರ

ಬಚ್ಚಿಟ್ಟ ಡಬ್ಬಿಗಳನ್ನು ಜಿಪಿಎಸ್ ನೆರವಿನಿಂದ ಹುಡುಕುವ ಜಿಯೋಕ್ಯಾಶಿಂಗ್ ಆಟದಲ್ಲಿ 'ಟ್ರಾವೆಲ್ ಬಗ್' ಎಂಬ ಪುಟ್ಟ ಲೋಹದ ಬಿಲ್ಲೆಯೊಂದು ಕೈಯಿಂದ ಕೈಗೆ ದಾಟುತ್ತ ಖಂಡಗಳನ್ನೇ ಸುತ್ತುತ್ತದೆ. ಸೈನಿಕರ ಕೊರಳಿನ ಗುರುತುಬಿಲ್ಲೆಯ ಆಕಾರದ ಆ ತಗಡಿನ ಮೇಲೆ, ಬೆನ್ನಲ್ಲಿ ಬಾರ್‌ಕೋಡ್ ಹೊತ್ತ ಕೀಟದ ಚಿತ್ರವೂ ಅಕ್ಷರ, ಅಂಕಿಗಳು ಬೆರೆತ ಒಂದು ಸಂಕೇತವೂ ಅಚ್ಚಾಗಿರುತ್ತವೆ. ಅದಕ್ಕೆ ತನಗಿಷ್ಟವಾದ ವಸ್ತುವೊಂದನ್ನು ಸರಪಳಿಯಲ್ಲಿ ಕಟ್ಟಿ, ಇಂಥ ಊರಿಗೆ ತಲುಪಿಸಿ ಎಂಬ ಕೋರಿಕೆಯೊಡನೆ ಯಾವುದಾದರೂ ಗುಪ್ತ ಡಬ್ಬಿಯಲ್ಲಿಟ್ಟರೆ ಪ್ರಯಾಣ ಶುರುವಾಗುತ್ತದೆ. ಹಳೆಯ ಮನೆಬಳಕೆಯ ಕಂಪ್ಯೂಟರುಗಳ ಅಭಿಮಾನಿಗಳು ಹೀಗೆ ಕಟ್ಟಲು ಆಯ್ದುಕೊಳ್ಳಬಹುದಾದ ವಸ್ತುಗಳಲ್ಲಿ ನನಗೆ ಪ್ರಿಯವಾದವು ಎರಡು: ಬಿಬಿಸಿ ಮೈಕ್ರೊ ಕಂಪ್ಯೂಟರಿನ ಕೆಂಪು ಫಂಕ್ಷನ್ ಕೀಲಿ ಮತ್ತು ಜೆಡ್‌ಎಕ್ಸ್ ಸ್ಪೆಕ್ಟ್ರಮ್‌ನ ಪ್ರೋಗ್ರಾಮ್ ತುಂಬಿದ ಕ್ಯಾಸೆಟ್. ಸ್ಪೆಕ್ಟ್ರಮ್‌ನ 40 ಕೀಲಿಗಳು ಒಂದೇ ರಬ್ಬರ್ ಹಾಳೆಯ ಉಬ್ಬುಗಳಾದ್ದರಿಂದ ಅವುಗಳಲ್ಲಿ ಒಂದನ್ನು ಮಾತ್ರ ಬಿಡಿಸಿ ತೆಗೆಯಲು ಬರುವುದಿಲ್ಲ.

ಈ ಬಿಲ್ಲೆಯ ವಿಷಯ ಮೊದಲ ಬಾರಿ ಕೇಳಿದವರು ಅದರೊಳಗೆ ಜಿಪಿಎಸ್ ಚಿಪ್ ಇದೆ, ಉಪಗ್ರಹ ಅದನ್ನು ಮೇಲಿನಿಂದ ನೋಡುತ್ತಿದೆ ಎಂದು ನಂಬಿಬಿಡಬಹುದು. 2016ರ ನವೆಂಬರಿನಲ್ಲಿ ಹೊಸ 2000 ರೂಪಾಯಿ ನೋಟಿನಲ್ಲಿ ನ್ಯಾನೊ ಜಿಪಿಎಸ್ ಚಿಪ್ ಇದೆ, ನೆಲದಡಿ 120 ಮೀಟರ್ ಆಳದಲ್ಲಿ ಹೂತಿಟ್ಟರೂ ಅದು ಸಿಕ್ಕಿಬೀಳುತ್ತದೆ ಎಂಬ ಸುದ್ದಿ ವಾಟ್ಸ್ಆ್ಯಪ್‌ನಲ್ಲಿ ಹರಿದಾಡಿ, ಕೆಲವು ಟಿವಿ ವಾಹಿನಿಗಳಲ್ಲೂ ಗಂಭೀರವಾಗಿ ಬಿತ್ತರವಾದದ್ದು ಇದೇ ತಪ್ಪು ಕಲ್ಪನೆಯ ಫಲ. ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಜಿಪಿಎಸ್ ಉಪಗ್ರಹಗಳು ಯಾರನ್ನೂ ನೋಡುವುದಿಲ್ಲ. ತಮ್ಮ ಸ್ಥಾನವನ್ನೂ ಸಮಯವನ್ನೂ ಬಿತ್ತರಿಸುವುದಷ್ಟೇ ಅವುಗಳ ಕೆಲಸ. ನಾಲ್ಕು ಉಪಗ್ರಹಗಳಿಂದ ಬಂದ ಅತ್ಯಂತ ಕ್ಷೀಣವಾದ ಸಂಕೇತಗಳನ್ನು ಹಿಡಿದು, ನಾನೆಲ್ಲಿದ್ದೇನೆ ಎಂದು ಲೆಕ್ಕ ಹಾಕಿಕೊಳ್ಳುವ ಹೊಣೆ ಪೂರ್ತಿಯಾಗಿ ನೆಲದ ಮೇಲಿನ ಗ್ರಾಹಕ ಸಾಧನದ್ದು (ರಿಸೀವರ್). ಹಾಗೆ ತಿಳಿದದ್ದನ್ನು ಇನ್ನೊಬ್ಬರಿಗೆ ತಿಳಿಸಬೇಕಾದರೆ ಪ್ರತ್ಯೇಕ ಪ್ರಸಾರಕ ಬೇಕು, ಅದಕ್ಕೆ ವಿದ್ಯುತ್ ಬೇಕು. ಬಿಲ್ಲೆಯಲ್ಲಾಗಲಿ, ನೋಟಿನಲ್ಲಾಗಲಿ ಇವು ಯಾವುವೂ ಇಲ್ಲ.

ಹಾಗಿದ್ದರೆ ಬಿಲ್ಲೆಯ ಜಾಡು ಸಿಗುವುದು ಹೇಗೆ? ಪ್ರತಿ ಬಿಲ್ಲೆಗೂ ಎರಡು ಸಂಕೇತಗಳಿರುತ್ತವೆ. 'ಟಿಬಿ' ಎಂದು ಆರಂಭವಾಗುವ ಮೊದಲನೆಯದು ಎಲ್ಲರಿಗೂ ಕಾಣುವಂಥದ್ದು. ಅದರಿಂದ ಆಟದ ಜಾಲತಾಣದಲ್ಲಿ ಬಿಲ್ಲೆಯ ಪುಟವನ್ನು ತೆರೆದು ಓದಬಹುದು, ಅಷ್ಟೇ. ತಗಡಿನ ಮೇಲೆ ಅಚ್ಚಾದ ಎರಡನೆಯದು ಬಿಲ್ಲೆಯನ್ನು ಕೈಯಲ್ಲಿ ಹಿಡಿದವರಿಗೆ ಮಾತ್ರ ತಿಳಿಯುತ್ತದೆ, ಮತ್ತು ಅದನ್ನು ನಮೂದಿಸಿದವರಿಗಷ್ಟೇ 'ಇದನ್ನು ಇಲ್ಲಿಂದ ತೆಗೆದೆ, ಅಲ್ಲಿ ಇಟ್ಟೆ' ಎಂದು ದಾಖಲಿಸುವ ಹಕ್ಕು ಸಿಗುತ್ತದೆ. ಊಹಿಸಿ ಬರೆದುಬಿಡಬಹುದಲ್ಲ ಎನ್ನುವವರಿಗೆ ಲೆಕ್ಕವೇ ಉತ್ತರ ಹೇಳುತ್ತದೆ: 26 ಅಕ್ಷರ, 10 ಅಂಕಿಗಳಿಂದ ಆರು ಸ್ಥಾನಗಳ ಸಂಕೇತ ಕಟ್ಟಿದರೆ ಸುಮಾರು 217 ಕೋಟಿ ಸಾಧ್ಯತೆಗಳು ಹುಟ್ಟುತ್ತವೆ. ಆದ್ದರಿಂದಲೇ ಬಿಲ್ಲೆಯ ಫೋಟೊ ಹಾಕುವಾಗ ಆ ಸಂಕೇತವನ್ನು ಮರೆಮಾಡಬೇಕೆಂದು ಹಳೆಯ ಆಟಗಾರರು ಪದೇ ಪದೇ ಹೇಳುತ್ತಾರೆ. ಒಮ್ಮೆ ಅದು ಬಯಲಾದರೆ, ಬಿಲ್ಲೆಯನ್ನು ಕಣ್ಣಾರೆ ಕಾಣದವರೂ ಕಂಡೆವೆಂದು ಬರೆಯಬಲ್ಲರು. ಅಲ್ಲಿಗೆ ಇಡೀ ಜಾಡಿನ ಮೇಲಿನ ನಂಬಿಕೆ ಕುಸಿಯುತ್ತದೆ.

ಬಿಲ್ಲೆಗೆ ಕಟ್ಟಿದ ಕ್ಯಾಸೆಟ್ಟಿನ ಕಥೆ ಇದಕ್ಕೆ ತದ್ವಿರುದ್ಧ, ಏಕೆಂದರೆ ಅದು ಹೇಳಬೇಕಾದದ್ದೆಲ್ಲ ಅದರ ಮೈಮೇಲೆಯೇ ಇರುತ್ತದೆ. 1982ರ ಏಪ್ರಿಲ್‌ನಲ್ಲಿ ಸಿಂಕ್ಲೇರ್ ಸಂಸ್ಥೆ ಬ್ರಿಟನ್ನಿನಲ್ಲಿ ಬಿಡುಗಡೆ ಮಾಡಿದ ಸ್ಪೆಕ್ಟ್ರಮ್‌ಗೆ 16 ಕಿಲೋಬೈಟ್ ಸ್ಮರಣೆಯ ಮಾದರಿಯಾದರೆ 125 ಪೌಂಡ್, 48 ಕಿಲೋಬೈಟಿನದಾದರೆ 175 ಪೌಂಡ್ ಬೆಲೆಯಿತ್ತು. ಡಿಸ್ಕ್ ಡ್ರೈವ್ ದುಬಾರಿಯಾಗಿದ್ದುದರಿಂದ ಮನೆಯ ಟೇಪ್ ರೆಕಾರ್ಡರೇ ಅದರ ಉಗ್ರಾಣವಾಯಿತು. ಅದರ ಜೆಡ್80 ಪ್ರೊಸೆಸರ್ ಸೆಕೆಂಡಿಗೆ 35 ಲಕ್ಷ ಬಾರಿ ಮಿಡಿಯುತ್ತಿತ್ತು. ಟೇಪಿನಿಂದ 855 ಮಿಡಿತಗಳಷ್ಟು ದೀರ್ಘವಾದ ಎರಡು ಸ್ಪಂದಗಳು ಬಂದರೆ ಸೊನ್ನೆ, 1710 ಮಿಡಿತಗಳ ಎರಡು ಸ್ಪಂದಗಳು ಬಂದರೆ ಒಂದು. ಮೊದಲು ಸುಮಾರು ಐದು ಸೆಕೆಂಡು ಒಂದೇ ಸಮನೆ ಕೇಳುವ ಸ್ವರಕ್ಕೆ ಪರದೆಯ ಅಂಚಿನಲ್ಲಿ ಕೆಂಪು ಮತ್ತು ತಿಳಿನೀಲಿ ಪಟ್ಟೆಗಳು ಓಡುತ್ತಿದ್ದವು. ಮಾಹಿತಿ ಬರತೊಡಗಿದೊಡನೆ ಅವು ನೀಲಿ ಮತ್ತು ಹಳದಿಗೆ ತಿರುಗುತ್ತಿದ್ದವು. 48 ಕಿಲೋಬೈಟ್ ಪೂರ್ತಿ ತುಂಬಲು ಸುಮಾರು ಐದು ನಿಮಿಷ ಹಿಡಿಯುತ್ತಿತ್ತು.

ಮಾಹಿತಿಯ ಪ್ರತಿ ಕಂತಿನ ಕೊನೆಯಲ್ಲಿ ಒಂದು ತಪಾಸಣೆಯ ಬೈಟ್ ಇರುತ್ತಿತ್ತು, ಮತ್ತು ನನ್ನ ಮಟ್ಟಿಗೆ ಇಡೀ ಏರ್ಪಾಡಿನ ಸೊಗಸು ಅಲ್ಲೇ ಇದೆ. ಎಂಟು ಬಿಟ್‌ಗಳ, ಅಂದರೆ ಎಂಟು ಸೊನ್ನೆ-ಒಂದುಗಳ, ಗುಂಪಾದ ಬೈಟ್‌ಗಳನ್ನೆಲ್ಲ ಒಂದರ ಕೆಳಗೊಂದು ಬರೆದರೆ ಎಂಟು ಕಂಬಸಾಲುಗಳಾಗುತ್ತವೆ. ಒಂದು ಕಂಬಸಾಲಿನಲ್ಲಿರುವ 1ಗಳ ಸಂಖ್ಯೆ ಬೆಸವಾಗಿದ್ದರೆ ತಪಾಸಣೆಯ ಬೈಟಿನ ಆ ಸ್ಥಾನದಲ್ಲಿ 1, ಸಮವಾಗಿದ್ದರೆ 0. ಟೇಪ್ ಎಲ್ಲೋ ಸುಕ್ಕಾಗಿ ಒಂದೇ ಒಂದು ಬಿಟ್ ತಿರುವುಮುರುವಾದರೂ ಸಮ ಬೆಸವಾಗಿ, ಬೆಸ ಸಮವಾಗಿ ತಪ್ಪು ಬಯಲಾಗುತ್ತದೆ, ಪರದೆಯ ಮೇಲೆ ಲೋಡಿಂಗ್ ದೋಷದ ಸಂದೇಶ ಮೂಡುತ್ತದೆ. ಒಂದೇ ಕಂಬಸಾಲಿನ ಎರಡು ಬಿಟ್‌ಗಳು ಕೆಟ್ಟರೆ ಮಾತ್ರ ಎರಡು ತಪ್ಪುಗಳೂ ಪರಸ್ಪರ ಅಳಿಸಿಕೊಂಡು ತಪಾಸಣೆಯ ಕಣ್ಣು ತಪ್ಪಿಸುತ್ತವೆ. ಹೀಗೆ ತನ್ನ ಮಾಹಿತಿ ಕೆಟ್ಟಿದ್ದರೆ ಕ್ಯಾಸೆಟ್ ತಾನೇ ಸಾಕ್ಷಿ ಹೇಳುತ್ತದೆ. ಬಿಲ್ಲೆಗೆ ಆ ಶಕ್ತಿ ಇಲ್ಲ. ಅದರ ಪಯಣಕ್ಕೆ ಸಾಕ್ಷಿ ಹೇಳಬೇಕಾದವರು ಮನುಷ್ಯರೇ.

ಇನ್ನು ಕೆಂಪು ಕೀಲಿಯ ಕಡೆಗೆ ಬರೋಣ. ಕೇಂಬ್ರಿಡ್ಜ್‌ನ ಏಕಾರ್ನ್ ಸಂಸ್ಥೆ 1981ರ ಡಿಸೆಂಬರಿನಲ್ಲಿ ಹೊರತಂದ ಬಿಬಿಸಿ ಮೈಕ್ರೊ ನಮ್ಮ ದೇಶಕ್ಕೂ ಬಂದಿತ್ತು; 1984ರಲ್ಲಿ ಆರಂಭವಾದ, ಶಾಲೆಗಳಲ್ಲಿ ಕಂಪ್ಯೂಟರ್ ಕಲಿಸುವ 'ಕ್ಲಾಸ್' ಯೋಜನೆಯಡಿ ಭಾರತದ ಶಾಲೆಗಳಿಗೆ ತಲುಪಿದ್ದು ಅದೇ ಯಂತ್ರ. ಅದರ ವಿನ್ಯಾಸದಲ್ಲಿ ದುಡಿದ ಸೋಫಿ ವಿಲ್ಸನ್ ಮತ್ತು ಸ್ಟೀವ್ ಫರ್ಬರ್ ಅವರೇ ಮುಂದೆ ಆರ್ಮ್ ಪ್ರೊಸೆಸರನ್ನು ರೂಪಿಸಿದರು. ಸುಮಾರು 25,000 ಟ್ರಾನ್ಸಿಸ್ಟರುಗಳ ಆ ಮೊದಲ ಚಿಪ್ ಕೈಸೇರಿದ್ದು 1985ರ ಏಪ್ರಿಲ್ 26ರಂದು. ಅದಕ್ಕೆ ಬೇಕಾದ ವಿದ್ಯುತ್ತನ್ನು ಅಳೆಯಲು ಹೊರಟ ಫರ್ಬರ್ ಅವರಿಗೆ ಮೀಟರ್ ಸೊನ್ನೆ ತೋರಿಸಿತು. ಹುಡುಕಿ ನೋಡಿದಾಗ ವಿದ್ಯುತ್ತಿನ ಸಂಪರ್ಕವೇ ಕೊಟ್ಟಿರಲಿಲ್ಲವೆಂದೂ, ಸಂಕೇತಗಳ ತಂತಿಗಳಿಂದ ಸೋರಿ ಬಂದ ಅಲ್ಪ ವಿದ್ಯುತ್ತಿನಲ್ಲೇ ಚಿಪ್ ಕೆಲಸ ಮಾಡುತ್ತಿತ್ತೆಂದೂ ತಿಳಿಯಿತು. ಆ ಮಿತವ್ಯಯದ ಗುಣವೇ ಅದರ ವಂಶವನ್ನು ಮೊಬೈಲುಗಳಿಗೆ ತಂದಿತು. ಇಂದು ಬೆಂಗಳೂರಿನಲ್ಲೂ ಆರ್ಮ್‌ನ ಎಂಜಿನಿಯರುಗಳು ಅದೇ ವಂಶದ ಮುಂದಿನ ಪೀಳಿಗೆಗಳ ಮೇಲೆ ದುಡಿಯುತ್ತಿದ್ದಾರೆ. ಜಿಯೋಕ್ಯಾಶಿಂಗ್ ಹುಟ್ಟಿದ್ದು ಇದಾದ ಎಷ್ಟೋ ವರ್ಷಗಳ ಮೇಲೆ: 2000ದ ಮೇ ತಿಂಗಳ ಆರಂಭದಲ್ಲಿ ಅಮೆರಿಕ ಸರ್ಕಾರ ನಾಗರಿಕರ ಜಿಪಿಎಸ್‌ನಲ್ಲಿ ಬೇಕೆಂದೇ ಬೆರೆಸುತ್ತಿದ್ದ ದೋಷವನ್ನು ನಿಲ್ಲಿಸಿದ ಬೆನ್ನಿಗೇ ಡೇವ್ ಉಲ್ಮರ್ ಎಂಬವರು ಆರಿಗನ್ ರಾಜ್ಯದ ಕಾಡಿನಲ್ಲಿ ಮೊದಲ ಬಕೆಟನ್ನು ಬಚ್ಚಿಟ್ಟರು. ಇಂದು ಫೋನ್ ಹಿಡಿದು ಡಬ್ಬಿ ಹುಡುಕುವವನ ಅಂಗೈಯಲ್ಲಿರುವ ಪ್ರೊಸೆಸರ್, ಡಬ್ಬಿಯೊಳಗಿನ ಬಿಲ್ಲೆಗೆ ಕಟ್ಟಿದ ಆ ಕೆಂಪು ಕೀಲಿಯ ಮನೆತನದ್ದೇ ಎಂಬುದು ನನಗೆ ಅಪಾರ ಸಂತೋಷ ಕೊಡುವ ಸಂಗತಿ.

ಇಂಥ ಕೀಲಿಗೆ ತಕ್ಕ ಗುರಿ ಕೇಂಬ್ರಿಡ್ಜ್ ನಗರವೇ. ಹಳೆಯ ಯಂತ್ರಗಳನ್ನು ಮುಟ್ಟಿ ನಡೆಸಿ ನೋಡಬಹುದಾದ ಗಣಕ ಇತಿಹಾಸದ ವಸ್ತುಸಂಗ್ರಹಾಲಯವೂ ಅಲ್ಲಿದೆ. ದಾರಿಯಲ್ಲಿ ಬಿಲ್ಲೆ ಕಳೆದುಹೋಗುವ ಸಂಭವವೂ ಇರುವುದರಿಂದ, ಟ್ರಾವೆಲ್ ಬಗ್ ಕೊಂಡವರಿಗೆ ಒಂದೇ ಸಂಕೇತವಿರುವ ಎರಡು ಬಿಲ್ಲೆಗಳನ್ನು ಕೊಡುತ್ತಾರೆ. ಮೊದಲನೆಯದು ಕಾಣೆಯಾದರೆ ಎರಡನೆಯದಕ್ಕೆ ಇನ್ನೊಂದು ಕೀಲಿ ಕಟ್ಟಿ ಬಿಡಬಹುದು, ಮತ್ತು ದಾಖಲೆ ನಿಂತಲ್ಲಿಂದಲೇ ಮುಂದುವರಿಯುತ್ತದೆ.