ಲೈಟ್ ಆರಿಸಿದ್ರೆ ಟೈರಿಗೆ ಗಾಳಿ ಬರಲ್ಲ

ಸ್ಪೋರ್ಟ್ಸ್ ಕಾರ್ ಇಟ್ಕೊಂಡೋರು ಕೇಳೋ ಕೆಲಸಗಳಲ್ಲಿ ನನಗೆ ನಿಜವಾಗ್ಲೂ ತಲೆಬಿಸಿ ಆಗೋದು ಇದೊಂದಕ್ಕೇ. "ಸರ್, ಆ ಟೈರ್ ಪ್ರೆಶರ್ ಲೈಟ್ ಆಫ್ ಮಾಡ್ಕೊಡಿ, ಸುಮ್ಸುಮ್ನೆ ಉರೀತಾ ಇರುತ್ತೆ." ಲಕ್ಷಗಟ್ಲೆ ಬೆಲೆಯ ಇಂಜಿನ್, ಬ್ರೇಕು, ಸಸ್ಪೆನ್ಶನ್ ಎಲ್ಲಾದಕ್ಕೂ ಪ್ರಾಣ ಬಿಡ್ತಾರೆ, ಆದ್ರೆ ಆ ಎಲ್ಲಾ ಶಕ್ತಿ ಕೊನೆಗೆ ರಸ್ತೆ ಮುಟ್ಟೋದು ಅಂಗೈ ಅಗಲದ ನಾಲ್ಕು ರಬ್ಬರ್ ತುಂಡಿನ ಮೇಲೆ, ಅದರ ಬಗ್ಗೆ ಸುದ್ದಿ ಕೊಡೋ ಒಂದೇ ಒಂದು ಸಾಧನಾನ ಮಾತ್ರ ಮೊದಲು ಕಿತ್ತಾಕಿ ಅಂತಾರೆ. ಬೈಯೋಕೆ ಬರ್ದಿದ್ದಲ್ಲ ಇದು. ಹೀಗೆ ಕೇಳೋರು ಕಾರನ್ನ ನಿಜವಾಗ್ಲೂ ಪ್ರೀತಿಸೋ ಜನ, ಅದಕ್ಕೇ ಕೂತ್ಕೊಂಡು ಬಿಡಿಸಿ ಹೇಳ್ಬೇಕು ಅನ್ಸುತ್ತೆ.

ಮೊದಲನೇ ಪ್ರಶ್ನೆ ನಾನು ಕೇಳೋದು, ಲೈಟ್ ಹೇಗೆ ಉರಿಯುತ್ತೆ? ಕಾರ್ ಸ್ಟಾರ್ಟ್ ಮಾಡಿದಾಗ ಒಂದು ನಿಮಿಷದಷ್ಟು ಮಿಣುಕಿ ಮಿಣುಕಿ ಆಮೇಲೆ ನಿಂತು ಉರಿದ್ರೆ, ಹೆಚ್ಚಿನ ಕಾರುಗಳಲ್ಲಿ ಅದರರ್ಥ ಸಿಸ್ಟಮ್ಮೇ ಕೆಟ್ಟಿದೆ ಅಂತ, ವೀಲೊಳಗೆ ಕೂತು ಗಾಳಿ ಅಳೆಯೋ ಸೆನ್ಸರಿನ ಬ್ಯಾಟರಿ ಹೋಗಿರ್ಬಹುದು, ಇಲ್ಲಾ ಸೆನ್ಸರ್ ಇಲ್ಲದ ವೀಲ್ ಹಾಕಿರ್ಬಹುದು. ಮಿಣುಕದೆ ನೇರವಾಗಿ ಉರಿದ್ರೆ ಗಾಳಿ ಕಮ್ಮಿ ಇದೆ, ಅಷ್ಟೇ. ಇವೆರಡೂ ಪೂರ್ತಿ ಬೇರೆ ಬೇರೆ ತೊಂದರೆ. ಮುಕ್ಕಾಲು ಪಾಲು ಜನಕ್ಕೆ ಮಿಣುಕಿತ್ತಾ ಇಲ್ವಾ ಅನ್ನೋದೇ ನೆನಪಿರಲ್ಲ, ನೋಡಿರೋದೇ ಇಲ್ಲ.

ನೇರವಾಗಿ ಉರಿಯೋ ಲೈಟಿನ ಹಿಂದಿನ ಕಥೆ ಹೆಚ್ಚು ಕಮ್ಮಿ ಯಾವಾಗ್ಲೂ ಒಂದೇ. ಟ್ರ್ಯಾಕಿಗೆ ಹೋಗಿರ್ತಾರೆ. ನಾಲ್ಕೈದು ಸುತ್ತು ಜೋರಾಗಿ ಓಡಿಸಿದ್ಮೇಲೆ ಟೈರ್ ಕಾದು ಪ್ರೆಶರ್ (ಗಾಳಿ ಒತ್ತಡ ಅಳೆಯೋ ಲೆಕ್ಕದಲ್ಲಿ) ಆರೆಂಟು ಪಿಎಸ್‌ಐ ಏರಿರುತ್ತೆ, ಪಕ್ಕದೋರು ಯಾರೋ "ಗಾಳಿ ಬಿಡಿ, ಹಿಡಿತ ಸಿಗುತ್ತೆ" ಅಂತಾರೆ, ಬಿಡ್ತಾರೆ, ಆ ಹೊತ್ತಿಗೆ ಅದು ಸರೀನೇ. ಆದ್ರೆ ಅದೇ ಟೈರಲ್ಲಿ ಮನೆಗೆ ಬಂದು ಮಲಗ್ತಾರೆ, ಬೆಳಿಗ್ಗೆ ಹೊತ್ತಿಗೆ ಟೈರ್ ತಣ್ಣಗಾಗಿ ಪ್ರೆಶರ್ ಇಳಿದಿರುತ್ತೆ, ಲೈಟ್ ಬರುತ್ತೆ. ಸ್ವಲ್ಪ ದೂರ ಓಡಿಸಿದ್ರೆ ಟೈರ್ ಮತ್ತೆ ಬಿಸಿಯಾಗಿ ಲೈಟ್ ಆರ್ಬಹುದು, ಆವಾಗ "ನೋಡಿ, ತಾನಾಗೇ ಹೋಯ್ತು, ಸೆನ್ಸರ್ರೇ ಸರಿ ಇಲ್ಲ" ಅನ್ನೋ ತೀರ್ಮಾನಕ್ಕೆ ಬಂದ್ಬಿಡ್ತಾರೆ. ಸೆನ್ಸರ್ ಎರಡು ಸಲಾನೂ ನಿಜಾನೇ ಹೇಳಿತ್ತು. ಉಷ್ಣತೆ 10 ಡಿಗ್ರಿ ಇಳಿದ್ರೆ ಹತ್ತಿರ ಹತ್ತಿರ ಒಂದೂವರೆ ಪಿಎಸ್‌ಐ, ಅಂದ್ರೆ 0.1 ಬಾರ್ ಇಳಿಯುತ್ತೆ. ಬಾಗಿಲ ಹತ್ರ ಅಂಟಿಸಿರೋ ಚೀಟಿಲಿ ಕಂಪನಿ ಬರ್ದಿರೋ ನಂಬರ್ ತಣ್ಣಗಿರೋ ಟೈರಿಂದು. ಮೂರು ಗಂಟೆಯಾದ್ರೂ ನಿಂತಿರೋ ಕಾರಲ್ಲಿ ನೋಡ್ಬೇಕು. ಟ್ರ್ಯಾಕಿಂದ ಹೊರಡೋ ಮುಂಚೆ ಸ್ವಲ್ಪ ಗಾಳಿ ತುಂಬ್ಕೊಂಡು, ಬೆಳಿಗ್ಗೆ ಎದ್ದು ಚೀಟಿ ನೋಡಿ ಸರಿ ಮಾಡ್ಕೊಂಡ್ರೆ ಅರ್ಧಕ್ಕರ್ಧ ಜನ ನನ್ ಹತ್ರ ಬರೋದೇ ಬೇಡ.

ಈಗ ಬಹಳ ಜನಕ್ಕೆ ಎಷ್ಟು ಹೇಳಿದ್ರೂ ತಲೆಗೆ ಹೋಗದಿರೋ ವಿಷಯಕ್ಕೆ ಬರ್ತೀನಿ. ಡ್ಯಾಶಲ್ಲಿ ಲೈಟ್ ಇಲ್ಲ ಅಂದ್ರೆ ಅದಕ್ಕೆ ಎರಡು ಕಾರಣ ಇರ್ಬಹುದು, ಒಂದು ನಾಲ್ಕೂ ಟೈರಲ್ಲಿ ಗಾಳಿ ಸರಿಯಾಗಿದೆ, ಇನ್ನೊಂದು ನೋಡೋಕೆ ಯಾರೂ ಇಲ್ಲ. ಸೀಟಲ್ಲಿ ಕೂತೋರಿಗೆ ಎರಡೂ ಒಂದೇ ಥರ ಕಾಣುತ್ತೆ. ನೀವು ಆಫ್ ಮಾಡ್ಸಿದ ಮೊದಲ ವಾರ ನಿಮಗೆ ನೆನಪಿರುತ್ತೆ, "ಲೈಟ್ ಇಲ್ಲ, ನಾನೇ ಚೆಕ್ ಮಾಡ್ಬೇಕು" ಅಂತ. ಮೂರನೇ ತಿಂಗಳಿಗೆ ಮರ್ತಿರ್ತೀರಾ, ಆವಾಗ ಲೈಟ್ ಇಲ್ಲ ಅನ್ನೋದು ಎಲ್ಲಾ ಸರಿ ಇದೆ ಅಂತ ನಿಮ್ಮ ಮನಸ್ಸಿಗೆ ಅನ್ಸೋಕೆ ಶುರುವಾಗುತ್ತೆ. ನಿಮ್ಮ ಹೆಂಡತಿನೋ ತಮ್ಮನೋ ಓಡಿಸಿದ್ರೆ ಅವರಿಗಂತೂ ಮೊದಲ ದಿನದಿಂದಾನೇ ಹಾಗೆ. ಹಾಳಾದ ಸೆನ್ಸರ್‌ಗಿಂತ ಬಾಯಿ ಮುಚ್ಚಿಸಿದ ಸೆನ್ಸರ್ ಹೆಚ್ಚು ಅಪಾಯ ಅಂತ ನಾನು ಹೇಳೋದು ಇದಕ್ಕೇ, ಹಾಳಾಗಿರೋದು ಕಡೇಪಕ್ಷ ಹಾಳಾಗಿದೀನಿ ಅಂತ ಮಿಣುಕುತ್ತೆ.

"ನಾನು ಕಣ್ಣಲ್ಲೇ ನೋಡ್ತೀನಿ ಬಿಡಿ, ಹಳೇ ಕಾಲದೋನು" ಅಂತಾರೆ ಕೆಲವರು. ಹಳೇ ಕಾರಲ್ಲಿ ಅದು ನಡೀತಿತ್ತು, ಸೈಡ್‌ವಾಲ್ (ಟೈರಿನ ಪಕ್ಕದ ಗೋಡೆ) ಎತ್ತರ ಇತ್ತು, ಗಾಳಿ ಹೋದ್ರೆ ಹೊಟ್ಟೆ ಬಿಟ್ಕೊಂಡು ಕೂರೋದು. ಈಗಿನ ಸ್ಪೋರ್ಟ್ಸ್ ಕಾರಲ್ಲಿ 30, 35 ಪ್ರೊಫೈಲಿನ ಟೈರು, ಅಂದ್ರೆ ಪಕ್ಕದ ಗೋಡೆ ಟೈರಿನ ಅಗಲದ 30, 35 ಶೇಕಡಾ ಅಷ್ಟೇ ಎತ್ತರ, ಸೈಡ್‌ವಾಲ್ ಗಟ್ಟಿ. 34 ಇರ್ಬೇಕಾದ ಕಡೆ 22 ಇದ್ರೂ ನಿಂತಿರೋ ಕಾರಲ್ಲಿ ನನ್ ಕಣ್ಣಿಗೇ ಗೊತ್ತಾಗಲ್ಲ, ದಿನಾ ಅದೇ ನೋಡೋ ಕಣ್ಣಿದು. ರನ್‌ಫ್ಲಾಟ್ ಆದ್ರೆ ಇನ್ನೂ ಕಷ್ಟ. ಅದರ ಸೈಡ್‌ವಾಲ್ ಗಾಳಿ ಪೂರ್ತಿ ಹೋದ್ರೂ ಕಾರನ್ನ ಹೊರೋ ಹಾಗೆ ಮಾಡಿರೋದು, ಸಾಮಾನ್ಯವಾಗಿ ಗಂಟೆಗೆ 80 ಕಿಲೋಮೀಟರ್ ವೇಗ ಮೀರದೆ 80 ಕಿಲೋಮೀಟರ್ ದೂರ ಹೋಗ್ಬಹುದು. ಆದ್ರೆ ಗಾಳಿ ಹೋಗಿದೆ ಅಂತ ಗೊತ್ತಿದ್ರೆ ತಾನೇ ನೀವು 80ರಲ್ಲಿ ಹೋಗೋದು? ಅದಕ್ಕೇ ರನ್‌ಫ್ಲಾಟನ್ನ ಪ್ರೆಶರ್ ಮಾನಿಟರ್ ಇರೋ ಕಾರಿಗೆ ಮಾತ್ರ ಹಾಕಿ ಅಂತ ತಯಾರಕರು ಹೇಳೋದು. ಸೆನ್ಸರ್ ಇಲ್ದೆ ರನ್‌ಫ್ಲಾಟ್ ಓಡ್ಸೋದು ನೋವೇ ಗೊತ್ತಾಗದ ಕಾಲಲ್ಲಿ ಗಾಜಿನ ಮೇಲೆ ನಡೆದ ಹಾಗೆ.

ಇಂಥದ್ದೇ ಒಂದು ಕಾರ್ ಬಂದಿತ್ತು. ಎರಡನೇ ಓನರ್, ಇನ್ನೂ ಚಿಕ್ಕ ಹುಡುಗ, ಬಹಳ ಆಸೆ ಪಟ್ಟು ತಗೊಂಡಿದ್ದ. ಹಿಂದೆ ಏನೋ ತೇಲಿದ ಹಾಗೆ ಆಗುತ್ತೆ, ಅಲೈನ್‌ಮೆಂಟ್ ನೋಡಿ ಅಂದ. ಸ್ಕ್ರೀನಲ್ಲಿ ನಾಲ್ಕೂ ಟೈರ್ ಸಮಾ ತೋರಿಸ್ತಿತ್ತು. ಗೇಜ್ ಇಟ್ರೆ ಹಿಂದಿನ ಎಡಗಡೆ ಟೈರಲ್ಲಿ ಹೆಸರಿಗಷ್ಟೇ ಗಾಳಿ. ಬಿಚ್ಚಿ ನೋಡಿದ್ರೆ ಒಳಗಡೆಯಿಂದ ಕಪ್ಪು ರಬ್ಬರ್ ಪುಡಿ ಉದುರಿತು, ಗಾಳಿ ಇಲ್ದೆ ಓಡಿ ಓಡಿ ಸೈಡ್‌ವಾಲ್ ಒಳಗಿಂದ ಸವೆದು ಹೋಗಿತ್ತು, ಹೊರಗಡೆ ನೋಡಿದ್ರೆ ಹೊಸದರ ಥರಾನೇ ಇತ್ತು. ಹಾಗೆ ಪುಡಿ ಉದುರಿದ್ರೆ ಆ ಟೈರ್ ಮುಗೀತು, ಪಂಕ್ಚರ್ ಹಾಕೋ ಮಾತೇ ಇಲ್ಲ. ಆಮೇಲೆ ಡಿಕ್ಕಿ ಕಾರ್ಪೆಟ್ ಎತ್ತಿ ನೋಡಿದ್ರೆ ಮೂಲೇಲಿ ಪೈಪ್ ಸಿಕ್ತು.

ಪೈಪ್ ಅಂದ್ರೆ ಏನು ಅಂತ ಕೆಲವರಿಗೆ ಗೊತ್ತಿರಲ್ಲ. ನಾಲ್ಕು ಸೆನ್ಸರನ್ನೂ ವೀಲಿಂದ ಕಿತ್ತು ಒಂದು ಪಿವಿಸಿ ಪೈಪೊಳಗೆ ಹಾಕಿ, ಎರಡೂ ಕಡೆ ಮುಚ್ಚಿ, ವಾಲ್ವ್ ಕೂರಿಸಿ, ಗಾಳಿ ತುಂಬಿ ಡಿಕ್ಕೀಲಿ ಇಡ್ತಾರೆ. ಸೆನ್ಸರ್‌ಗಳು ಅಲ್ಲಿಂದಾನೇ ಎಲ್ಲಾ ಚೆನ್ನಾಗಿದೆ ಅಂತ ಸಿಗ್ನಲ್ ಕಳಿಸ್ತಾ ಇರ್ತವೆ, ಕಾರ್ ನಂಬುತ್ತೆ. ಇದರಷ್ಟು ನಾನು ದ್ವೇಷಿಸೋ ಕೆಲಸ ಇನ್ನೊಂದಿಲ್ಲ. ಪಿವಿಸಿ ಪೈಪ್ ಒತ್ತಡದ ಗಾಳಿ ತುಂಬಿಡೋಕೆ ಮಾಡಿದ್ದಲ್ಲ, ಬಿಸಿಲಿಗೋ ಏಟಿಗೋ ಒಡೆದ್ರೆ ಚೂರು ಚೂರಾಗಿ ಸಿಡಿಯುತ್ತೆ. ಅದನ್ನ ಬೆನ್ನ ಹಿಂದೆ ಇಟ್ಕೊಂಡು ಓಡಿಸ್ತಾರೆ. ಸುಳ್ಳು ಸಿಗ್ನಲ್ ಕಳಿಸೋ ಎಮ್ಯುಲೇಟರ್ ಡಬ್ಬಿಗಳೂ ಇದೇ ಜಾತಿ, ಸಿಡಿಯಲ್ಲ ಅನ್ನೋದೊಂದೇ ವ್ಯತ್ಯಾಸ. ಸ್ಕ್ಯಾನರ್ ಹಾಕಿ ಕೋಡಿಂಗಲ್ಲಿ, ಅಂದ್ರೆ ಕಾರಿನ ಕಂಪ್ಯೂಟರ್ ಸೆಟ್ಟಿಂಗಲ್ಲೇ, ಆಫ್ ಮಾಡೋದು ಇವಕ್ಕಿಂತ ಸ್ವಲ್ಪ ಪ್ರಾಮಾಣಿಕ, ಯಾಕಂದ್ರೆ ಅಲ್ಲಿ ಕಾರು ಏನೂ ಹೇಳಲ್ಲ ಅಷ್ಟೇ, ಸುಳ್ಳು ನಂಬರ್ ತೋರಿಸಲ್ಲ. ಆದ್ರೆ ಕೆಲವು ಹೊಸ ಕಾರುಗಳಲ್ಲಿ ಟೈರ್ ಮಾಹಿತಿ ಬರೀ ಲೈಟಿಗಲ್ಲ, ಮೆಕ್‌ಲಾರೆನ್ ಆರ್ಟುರಾದಲ್ಲಿ ಪಿರೆಲ್ಲಿ ಟೈರೊಳಗಿನ ಸೆನ್ಸರ್ ಕಾರಿನ ಎಲೆಕ್ಟ್ರಾನಿಕ್ಸ್ ಜೊತೆ ನೇರವಾಗಿ ಮಾತಾಡುತ್ತೆ. ಅಂಥ ಕಡೆ ಒಂದು ಕೋಡ್ ಬದಲಾಯಿಸಿದ್ರೆ ಇನ್ನೇನು ಬದಲಾಗುತ್ತೆ ಅಂತ ಆ ಮಾಡೆಲ್ ಗೊತ್ತಿರೋರನ್ನ ಕೇಳದೆ ಕೈ ಹಾಕ್ಬೇಡಿ.

ಪೂರ್ತಿ ಟ್ರ್ಯಾಕಿಗೇ ಮೀಸಲಿಟ್ಟು ಟ್ರೇಲರಲ್ಲಿ ಹೋಗಿ ಬರೋ ಕಾರಿನ ಬಗ್ಗೆ ನಂದೇನೂ ತಕರಾರಿಲ್ಲ. ಅಲ್ಲಿ ಸ್ಲಿಕ್, ಅಂದ್ರೆ ಗೆರೆಯಿಲ್ಲದ ರೇಸ್ ಟೈರ್, ಹಾಕ್ತಾರೆ, ಬೇಕಂತಾನೇ ಕಮ್ಮಿ ಗಾಳೀಲಿ ಶುರು ಮಾಡ್ತಾರೆ, ಪ್ರತಿ ಸೆಶನ್ ಆದ್ಮೇಲೆ ಗೇಜ್ ಹಿಡ್ಕೊಂಡು ನೋಡ್ತಾರೆ. ನಂದೇನಿದ್ರೂ ಟ್ರ್ಯಾಕಿಗೂ ಅದೇ, ರಸ್ತೆಗೂ ಅದೇ ಅನ್ನೋ ಕಾರಿನ ಬಗ್ಗೆ. ಅಂಥೋರಿಗೆ ಇನ್ನೊಂದು ಸೆಟ್ ವೀಲ್ ಇದ್ರೆ ಅದಕ್ಕೂ ಸೆನ್ಸರ್ ಹಾಕ್ಸಿ. ನಾಲ್ಕು ಸೆನ್ಸರಿನ ಖರ್ಚು ಇಂಥ ಕಾರಿನ ಟೈರ್ ಖರ್ಚಿನ ಮುಂದೆ ಏನೂ ಅಲ್ಲ. ಹಳೇ ಸೆನ್ಸರಿನ ಐಡಿಯನ್ನೇ (ಅದರ ಗುರುತಿನ ನಂಬರನ್ನೇ) ಹೊಸದಕ್ಕೆ ಕಾಪಿ ಮಾಡೋಕಾಗುತ್ತೆ, ಆವಾಗ ವೀಲ್ ಬದಲಾಯಿಸಿದ್ದು ಕಾರಿಗೆ ಗೊತ್ತೂ ಆಗಲ್ಲ. ಒಂದೇ ಎಚ್ಚರಿಕೆ, ತೆಗೆದಿಟ್ಟ ಸೆಟ್ ಕಾರಿನ ಪಕ್ಕದಲ್ಲೇ ಇರಬಾರ್ದು, ಒಂದೇ ಐಡಿ ಎರಡು ಕಡೆಯಿಂದ ಬಂದ್ರೆ ಗಲಿಬಿಲಿ. ಪೋರ್ಶೆ ಥರದ ಕಾರುಗಳಲ್ಲಿ ಯಾವ ಟೈರ್ ಹಾಕಿದೀರಿ ಅಂತ ಮೆನುವಲ್ಲೇ ಆರಿಸೋ ವ್ಯವಸ್ಥೆ ಇರುತ್ತೆ, ಮ್ಯಾನ್ಯುಯಲ್ ಓದಿರಲ್ಲ ಅಷ್ಟೇ. ಅಂದಹಾಗೆ ರಸ್ತೆ ಕಾರಿಗೆ ಈ ತಂತ್ರಜ್ಞಾನ ಮೊದಲು ಬಂದಿದ್ದೇ 1986ರ ಪೋರ್ಶೆ 959ರಲ್ಲಿ. ಶುರುವಾಗಿದ್ದೇ ಸ್ಪೋರ್ಟ್ಸ್ ಕಾರಿಂದ.

ಮಿಣುಕೋ ಲೈಟಿನವರ ಕಷ್ಟ ಬೇರೆ, ಅವರ ಮೇಲೆ ನನಗೆ ಕನಿಕರ ಇದೆ. ಸೆನ್ಸರ್ ಬ್ಯಾಟರಿ ಅಂಟಲ್ಲಿ ಮುಳುಗಿಸಿ ಸೀಲ್ ಮಾಡಿರೋದು, ಬದಲಾಯಿಸೋಕಾಗಲ್ಲ, ಸಾಮಾನ್ಯವಾಗಿ ಐದರಿಂದ ಹತ್ತು ವರ್ಷ ಬರುತ್ತೆ. ನಾಲ್ಕೂ ಒಟ್ಟಿಗೆ ಹುಟ್ಟಿರೋದ್ರಿಂದ ಒಂದು ಸತ್ತ ಮೇಲೆ ಉಳಿದವೂ ಹಿಂದಿಂದೇನೆ ಹೋಗ್ತವೆ. ಒಂದು ಹಾಕ್ಸಿ, ಎರಡು ತಿಂಗಳಿಗೆ ಇನ್ನೊಂದು ಹೋಗಿ, ಬೇಜಾರಾಗಿ ಇಡೀ ಸಿಸ್ಟಮ್ಮೇ ಬೇಡ ಅನ್ನೋಕೆ ಶುರು ಮಾಡ್ತಾರೆ. ವಯಸ್ಸಾಗಿದ್ರೆ ನಾಲ್ಕೂ ಒಟ್ಟಿಗೆ, ಟೈರ್ ಬದಲಾಯಿಸೋ ದಿನಾನೇ ಹಾಕ್ಸಿಬಿಡಿ. ಟೈರ್ ಬಿಚ್ಚೋ ಹುಡುಗನಿಗೆ ಒಳಗೆ ಸೆನ್ಸರ್ ಇದೆ ಅಂತ ಮೊದಲೇ ಬಾಯಿ ಬಿಟ್ಟು ಹೇಳಿ, ಮೆಶಿನ್ ತಾಗಿ ಮುರಿಯೋದೇ ಜಾಸ್ತಿ. ಅಲ್ಯುಮಿನಿಯಂ ವಾಲ್ವಿಗೆ ಮಾಮೂಲಿ ಹಿತ್ತಾಳೆ ಕೋರ್ (ವಾಲ್ವ್ ಒಳಗಿನ ಪಿನ್ನು) ಹಾಕೋಕೆ ಬಿಡ್ಬೇಡಿ, ನಿಕ್ಕಲ್ ಲೇಪನದ್ದೇ ಬೇಕು, ಇಲ್ಲಾಂದ್ರೆ ಎರಡು ಲೋಹ ಸೇರಿ ತುಕ್ಕು ಹಿಡಿದು ಕಚ್ಕೊಂಡ್ಬಿಡುತ್ತೆ, ಆಮೇಲೆ ತಿರುಗಿಸಿದ್ರೆ ವಾಲ್ವೇ ಕೈಗೆ ಬರುತ್ತೆ. ಚಂದ ಕಾಣುತ್ತೆ ಅಂತ ಹಾಕೋ ಲೋಹದ ಮುಚ್ಚಳಕ್ಕೂ ಇದೇ ಮಾತು.

ಕಾನೂನಿನ ವಿಷಯ ನಿಮ್ಮ ನಿಮ್ಮ ಜಾಗದ್ದು ನೀವೇ ವಿಚಾರಿಸ್ಕೊಳ್ಳಿ. ಅಮೆರಿಕದಲ್ಲಿ 2000ದಲ್ಲಿ ಫೋರ್ಡ್ ಎಕ್ಸ್‌ಪ್ಲೋರರಿನ ಫೈರ್‌ಸ್ಟೋನ್ ಟೈರುಗಳು ಓಡ್ತಾ ಇರೋವಾಗಲೇ ಕಿತ್ತು ಬಂದು ಜನ ಸತ್ತ ಪ್ರಕರಣ ಬಯಲಾಗಿ (ಒಟ್ಟು ಸತ್ತೋರು ಇನ್ನೂರಕ್ಕೂ ಹೆಚ್ಚು), ಅದರ ಹಿಂದೇನೇ ಬಂದ ಕಾನೂನಿಂದ ಇದು ಕಡ್ಡಾಯ ಆಯ್ತು, ಯುರೋಪಲ್ಲಿ 2014ರಿಂದ ಎಲ್ಲಾ ಹೊಸ ಕಾರಿಗೂ ಬಂತು. ಬ್ರಿಟನ್ನಲ್ಲಿ 2012ರಿಂದ ಈಚೆಗಿನ ಕಾರಲ್ಲಿ ಇದು ಕೆಟ್ಟಿದ್ರೆ ವಾರ್ಷಿಕ ತಪಾಸಣೇಲಿ ಫೇಲು. ಅಮೆರಿಕದ ನಿಯಮದ ಒಂದು ವಿವರ ಎಲ್ಲರಿಗೂ ಗೊತ್ತಿರ್ಲಿ: ಕಂಪನಿ ಹೇಳಿದ ಪ್ರೆಶರಿಗಿಂತ 25 ಶೇಕಡಾ ಇಳಿದ ಮೇಲೆ ಲೈಟ್ ಬಂದ್ರೆ ಸಾಕು, ಅದಕ್ಕೂ 20 ನಿಮಿಷ ಟೈಮ್ ಇದೆ. 36 ಇರ್ಬೇಕಾದ್ದು 27ಕ್ಕೆ ಇಳಿಯೋವರೆಗೂ ಕೆಲವು ಕಾರು ಸುಮ್ನಿರ್ಬಹುದು. ಲೈಟ್ ಬರೋದೇ ತಡವಾಗಿ. ಅದಕ್ಕೇ ಸೆನ್ಸರ್ ಇದ್ರೂ ತಿಂಗಳಿಗೊಂದು ಸಲ, ವೇಗವಾಗಿ ಓಡಿಸೋ ಮುಂಚೆ ಪ್ರತಿ ಸಲ, ಒಳ್ಳೇ ಗೇಜ್ ಇಟ್ಟು ನೋಡಿ ಅನ್ನೋದು.

ಸೆಕೆಂಡ್ ಹ್ಯಾಂಡ್ ತಗೊಳ್ಳೋರಿಗೆ, ಆ ಹುಡುಗನಿಗಾದ ಹಾಗೆ ಆಗದಿರ್ಲಿ ಅಂತ ಹೇಳ್ತೀನಿ. ಇಗ್ನಿಶನ್ ಆನ್ ಮಾಡಿದಾಗ ಬೇರೆ ಲೈಟುಗಳ ಜೊತೆ ಟೈರ್ ಲೈಟೂ ಒಂದು ಕ್ಷಣ ಬಂದು ಹೋಗುತ್ತಾ ನೋಡಿ, ಬರದೇ ಇದ್ರೆ ಯಾರೋ ಕೈಯಾಡ್ಸಿರ್ಬಹುದು. ಸ್ಕ್ರೀನಲ್ಲಿ ನಂಬರ್ ತೋರಿಸೋ ಕಾರಾದ್ರೆ ಇಪ್ಪತ್ತು ನಿಮಿಷ ಚೆನ್ನಾಗಿ ಓಡಿಸಿ, ನಾಲ್ಕೂ ಸ್ವಲ್ಪ ಸ್ವಲ್ಪ ಏರ್ಬೇಕು, ಒಂದೊಂದು ಒಂದೊಂದು ಥರ ಏರ್ಬೇಕು. ನಾಲ್ಕೂ ಒಂದೇ ನಂಬರಲ್ಲಿ ಅಲುಗಾಡದೆ ನಿಂತಿದ್ರೆ ಡಿಕ್ಕಿ ಕಾರ್ಪೆಟ್ ಎತ್ತಿ. ಅಷ್ಟಕ್ಕೂ ಅನುಮಾನ ಹೋಗ್ಲಿಲ್ಲ ಅಂದ್ರೆ ಮಾರೋರನ್ನ ಕೇಳಿ ಒಂದು ಟೈರಿಂದ ನಾಲ್ಕೈದು ಪಿಎಸ್‌ಐ ಬಿಟ್ಟು, ಸ್ವಲ್ಪ ದೂರ ಮೆಲ್ಲಗೆ ಓಡಿಸಿ ಸ್ಕ್ರೀನ್ ನೋಡಿ. ಇಳಿದಿದ್ರೆ ಗಾಳಿ ವಾಪಸ್ ತುಂಬ್ಸಿ ಮುಂದಿನ ಮಾತಿಗೆ ಹೋಗಿ, ಇಳೀದಿದ್ರೆ ದುಡ್ಡು ಕೊಡೋ ಮುಂಚೆ ನಾಲ್ಕೂ ಟೈರ್ ಬಿಚ್ಚಿಸಿ ಒಳಗಡೆ ನೋಡ್ಸಿ.